ನಮ್ಮ ಮನೆಯ ಬಟ್ಟೆ ಮೂಸಲಿಲ್ಲ

ಮಾರ್ಚ್ ೮, ಭಾನುವಾರ

ನನ್ನ ಮಗಳೇ,

ಅಮ್ಮನ ಆಶೀರ್ವಾದಗಳು. ಅಳಿಯನಿಗೂ ಇದರಲ್ಲಿ ಅರ್ಧ ಪಾಲು ಕೊಡು. ಅವನು ಬಾಯಿಬಿಟ್ಟು ಕೇಳುವವನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಎರಡು ಕಾಗದಗಳು ಗುಂಡಿ ಡಬ್ಬಿಯ ಕೆಳಗೆ ಹಾಗೇ ಕೂತಿವೆ. ಉತ್ತರ ತಡವಾಯಿತು. ಲಾಂಡ್ರಿಯಲ್ಲಿ ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ಸುಳ್ಳು. ನೀನು ಪ್ರತಿ ವಾರ ಸೇತುವೆ ಕಟ್ಟುವ ಕ್ಯಾಂಪಿನ ದಿಬ್ಬ ಹತ್ತಿ ಫೋನು ಮಾಡಿದಾಗಲೂ ನಾನು "ಎಲ್ಲ ಚೆನ್ನಾಗಿದೆ, ಗಾಳಿ ಜಾಸ್ತಿ, ಇಳಿ" ಎಂದು ಇಟ್ಟುಬಿಟ್ಟೆ. ಎಲ್ಲ ಚೆನ್ನಾಗಿರಲಿಲ್ಲ. ಫೋನಿನಲ್ಲಿ ನಿನ್ನ ಉಸಿರು ಕೇಳಿಸುತ್ತದೆ. ಅದು ಕೇಳಿಸಿದರೆ ನನ್ನ ಬಾಯಿ ಕಟ್ಟುತ್ತದೆ. ಕಾಗದ ಉಸಿರಾಡುವುದಿಲ್ಲ.

ನಿನ್ನ ಮಗಳು ಚೂಟಿ ಆರೋಗ್ಯವಾಗಿದ್ದಾಳೆ. ಇದನ್ನು ಮೊದಲೇ ಬರೆದಿದ್ದೇನೆ. ಮುಂದಿನದನ್ನು ಓದುವಾಗ ಎದೆ ಹೊಡೆದುಕೊಂಡರೆ ಮತ್ತೆ ಇಲ್ಲಿಗೆ ಬಂದು ಈ ಸಾಲು ಓದಿಕೋ.

ಒಳ್ಳೆಯ ಸುದ್ದಿಯೂ ಇದೆ. ದೊಡ್ಡ ಮೆಷಿನ್ನು ರಿಪೇರಿಯಾಯಿತು, ಈಗ ನೆಲ ನಡುಗುವುದಿಲ್ಲ. ಇಸ್ತ್ರಿಯವನಿಗೆ ಕೊನೆಗೂ ಕನ್ನಡಕ ಬಂತು. ಇಷ್ಟು ವರ್ಷ ತಾನು ಮಾಡಿದ ಇಸ್ತ್ರಿ ನೋಡಿ ಈಗ ತಾನೇ ನಾಚಿಕೊಳ್ಳುತ್ತಾನೆ. "ಅಮ್ಮಾವ್ರೇ, ಜನ ಇದನ್ನ ಹಾಕ್ಕೊಂಡು ಮದುವೆಗೆ ಹೋದ್ರಾ?" ಎಂದು ಕೇಳಿದ. ಹೋದರು, ಮದುವೆಯೂ ಆಯಿತು ಎಂದೆ.

ಈಗ ವಿಷಯಕ್ಕೆ ಬರುತ್ತೇನೆ.

ಮಕ್ಕಳು ಕುಡಿಯದಂತೆ ನೋಡಿಕೊಳ್ಳುವ ನಮ್ಮ ಕೇರಿಯ ಸಮಿತಿಯ ಬಗ್ಗೆ ಹೋದ ವರ್ಷ ಜಂಬದಿಂದ ಬರೆದಿದ್ದೆ. ಅದನ್ನು ಶುರು ಮಾಡಿದ್ದು ನಾನಲ್ಲ, ಬಸ್ ಡ್ರೈವರ್. ಆ ಕಾಗದದಲ್ಲಿ ನಾನೇ ಎಂಬಂತೆ ಬರೆದಿದ್ದರೆ ತಿದ್ದಿಕೋ. ಅವನ ಬಸ್ಸಿನಲ್ಲಿ ಒಂದು ಸಂಜೆ ಶಾಲೆ ಬಟ್ಟೆ ತೊಟ್ಟ ಹುಡುಗನೊಬ್ಬ ಕುಡಿದು ವಾಂತಿ ಮಾಡಿಕೊಂಡು, ಇಳಿಯುವ ಜಾಗ ದಾಟಿ, ಕೊನೆಯ ಸ್ಟಾಪಿನ ತನಕ ಎಚ್ಚರ ತಪ್ಪಿ ಬಿದ್ದಿದ್ದ. ಡ್ರೈವರ್ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೊತ್ತ. ಇನ್ನು ಸ್ವಲ್ಪ ತಡವಾಗಿದ್ದರೆ ಎಂದಷ್ಟೇ ಡಾಕ್ಟರಮ್ಮ ಹೇಳಿದರಂತೆ, ವಾಕ್ಯ ಮುಗಿಸಲಿಲ್ಲವಂತೆ. ಮಾರನೇ ದಿನ ಡ್ರೈವರ್ ತನ್ನ ಯೂನಿಫಾರ್ಮನ್ನು ಒಗೆಯಲು ತಂದು ಕೊಟ್ಟ. "ನಮ್ಮ ಮನೇಲೂ ಇದೇ ವಯಸ್ಸಿಂದು ಒಂದಿದೆ ಅಮ್ಮಾ" ಎಂದ. ಅವನ ಮಗಳನ್ನು ಮಕ್ಕಳೆಲ್ಲ ಕಡ್ಡಿ ಎನ್ನುತ್ತಾರೆ. ಶಾಲೆಯ ಓಟದ ತಂಡದವಳು, ನಮ್ಮ ಚೂಟಿಯ ಜೀವದ ಗೆಳತಿ.

ಅವನು ಒಬ್ಬೊಬ್ಬರನ್ನೇ ಕೂಡಿಸಿದ. ಶಾಲೆಯ ಹೆಡ್‌ಮಿಸ್ಸು, ಕ್ಲಿನಿಕ್ಕಿನ ಡಾಕ್ಟರಮ್ಮ, ಮದ್ಯದಂಗಡಿಯವನು, ಒಂದಷ್ಟು ತಾಯಂದಿರು. ಬೆಂಚು ಇದೆ, ಬೆಚ್ಚಗೂ ಇದೆ ಎಂದು ನಮ್ಮ ಲಾಂಡ್ರಿಯಲ್ಲೇ ಸಭೆ. ನನ್ನನ್ನು ಅಧ್ಯಕ್ಷೆ ಮಾಡಿದರು. ನಾನು ಬೇಡ ಎನ್ನಲಿಲ್ಲ, ಅದು ನಿನಗೆ ಆಶ್ಚರ್ಯವೇನೂ ಅಲ್ಲ. ಕೆಲಸ ಚೆನ್ನಾಗಿಯೇ ನಡೆಯಿತು. ಅಪ್ಪ ತರಲು ಹೇಳಿದ ಎಂದು ಬಂದ ಮಕ್ಕಳಿಗೂ ಅಂಗಡಿಯವನು ಬಾಟಲಿ ಕೊಡುವುದು ನಿಲ್ಲಿಸಿದ. ಹೆಡ್‌ಮಿಸ್ಸು ಸಂಜೆ ಮೈದಾನಕ್ಕೆ ದೀಪ ಹಾಕಿಸಿದರು. ಡ್ರೈವರುಗಳು ಕಣ್ಣಿಟ್ಟರು. ಔತಣದಲ್ಲಿ "ಒಂದು ಗುಟುಕು ಕುಡಿದರೆ ಏನಾಗುತ್ತೆ, ಗಂಡಸಾಗ್ಲಿ ಬಿಡಿ" ಎನ್ನುವ ದೊಡ್ಡಪ್ಪ ಚಿಕ್ಕಪ್ಪಂದಿರ ಕೈಯಿಂದ ಲೋಟ ಕಿತ್ತುಕೊಳ್ಳುವ ಕೆಲಸ ನನ್ನದು. ಅದನ್ನು ನಾನು ಸಂತೋಷದಿಂದ ಮಾಡಿದೆ.

ಒಂದೇ ಒಂದು ವಿಷಯಕ್ಕೆ ಜಗಳ. ಮಗುವೊಂದು ಕುಡಿದದ್ದು ಗೊತ್ತಾದರೆ ಸಭೆಯಲ್ಲಿ ಹೆಸರು ಎತ್ತಬಾರದು ಎಂದು ಡ್ರೈವರ್ ಹಟ ಹಿಡಿದ. ಮೊದಲು ಆ ಮನೆಯವರಿಗೆ ಹೇಳಬೇಕು, ಆಮೇಲೆ ಡಾಕ್ಟರಿಗೆ, ಬೇರೆ ಯಾರಿಗೂ ಇಲ್ಲ, ಹೆದರಿದ ಮಗು ಇನ್ನೂ ಕತ್ತಲಿಗೆ ಹೋಗಿ ಕುಡಿಯುತ್ತದೆ ಎಂಬುದು ಅವನ ವಾದ. ಕೊಳೆ ಮುಚ್ಚಿಟ್ಟರೆ ಬಟ್ಟೆಯೇ ಕೊಳೆಯುತ್ತದೆ ಎಂಬುದು ನನ್ನ ವಾದ. ಎಲ್ಲರೂ ಅವನ ಕಡೆ ಕೈ ಎತ್ತಿದರು. ನಾನು ಸೋತೆ. ಆ ಸೋಲು ನನ್ನ ಹೊಟ್ಟೆಯಲ್ಲಿ ಕೂತಿತ್ತು ಎಂದು ಈಗ ಅನಿಸುತ್ತದೆ.

ನನ್ನ ಮೂಗಿನ ವಿಷಯ ನಿನಗೆ ಹೇಳಬೇಕಾಗಿಲ್ಲ. ಬಟ್ಟೆ ಬಂದ ಕೂಡಲೇ ಕಾಲರ್ ಮೂಸುತ್ತೇನೆ, ತೋಳಿನ ತುದಿ ಮೂಸುತ್ತೇನೆ. ಎಣ್ಣೆಗೆ ಒಂದು ನೀರು, ಹೊಗೆಗೆ ಒಂದು, ಪೆಟ್ರೋಲಿಗೆ ಬೇರೆಯದೇ. ನೀನು ಚಿಕ್ಕವಳಿದ್ದಾಗ "ನಮ್ಮಮ್ಮ ಮೂಗಲ್ಲೇ ಓದ್ತಾಳೆ" ಎನ್ನುತ್ತಿದ್ದೆ. ಸಮಿತಿಯಲ್ಲಿ ಆ ಮೂಗಿಗೆ ಭಾರಿ ಮರ್ಯಾದೆ ಸಿಕ್ಕಿತು.

ಜನವರಿ ಕೊನೆಯಲ್ಲಿ ಓಟದ ತಂಡದ ಜಾಕೆಟ್ಟುಗಳ ಗಂಟು ಬಂತು. ಎಲ್ಲ ಒಂದೇ ಬಣ್ಣ, ಕಾಲರಿಗೆ ಪಿನ್ನು ಹಾಕಿದ ಬಟ್ಟೆಯ ಚೀಟಿಯಿಂದಲೇ ಯಾರದು ಎಂದು ತಿಳಿಯಬೇಕು. ಒಂದರ ಎಡತೋಳು ಹುಳಿ ನಾರುತ್ತಿತ್ತು. ಹಣ್ಣಿನ ರಸದಲ್ಲಿ ಬೆರೆಸಿದ ಹೆಂಡ, ಅನುಮಾನವೇ ಇಲ್ಲ. ಚೀಟಿ ನೋಡಿದೆ. ಡ್ರೈವರ್ ಮಗಳದು.

ಅವನ ಮನೆ ನಮ್ಮ ಹಿಂದಿನ ಬೀದಿಯಲ್ಲಿದೆ. ನಿಯಮದ ಪ್ರಕಾರ ಹೋಗಿ ಬಾಗಿಲು ತಟ್ಟಿದ್ದರೆ ಸಾಕಿತ್ತು. ನಾನು ಸಭೆಯ ತನಕ ಕಾದೆ. ಎಲ್ಲರೂ ಕೂತ ಮೇಲೆ, ಹೆಸರು ಹೇಳಬಾರದು ಎಂದು ನಿಯಮ ಮಾಡಿದವರ ಮನೆಯಿಂದಲೇ ವಾಸನೆ ಬರುತ್ತಿದೆ ಎಂದೆ. ಜಾಕೆಟ್ಟನ್ನು ಮೇಜಿನ ಮೇಲೆ ಇಟ್ಟೆ. ಡ್ರೈವರ್ ಎದ್ದು ಬಂದು ಚೀಟಿ ಓದಿದ. "ನನ್ನ ಮಗಳದಾ?" ಎಂದು ಒಂದು ಸಲ ಕೇಳಿದ. ಟೋಪಿ ಎತ್ತಿಕೊಂಡು ಹೋದ.

ಆಮೇಲೆ ಅವನು ಸಭೆಗೆ ಬರಲಿಲ್ಲ, ಯೂನಿಫಾರ್ಮನ್ನು ನಮಗೆ ಕೊಡುವುದನ್ನೂ ನಿಲ್ಲಿಸಿದ. ಮುದುರಿದ ಅಂಗಿ ತೊಟ್ಟು ಬಸ್ ಓಡಿಸುತ್ತಿದ್ದ. ಕಡ್ಡಿಯನ್ನು ತಂಡದಿಂದ ತೆಗೆದರು. ದೊಡ್ಡ ಓಟ ಆ ತಿಂಗಳೇ ಇತ್ತು. ಅವಳು ಹೌದು ಎನ್ನಲೂ ಇಲ್ಲ, ಇಲ್ಲ ಎಂದದ್ದನ್ನು ಯಾರೂ ಕೇಳಲೂ ಇಲ್ಲ. ತಾಯಂದಿರು ಒಬ್ಬೊಬ್ಬರೇ ಸಭೆ ಬಿಟ್ಟರು. ತಮ್ಮ ಮಗುವಿನ ಅಂಗಿ ಮುಂದಿನ ವಾರ ಆ ಮೇಜಿನ ಮೇಲೆ ಬಿದ್ದರೆ ಎಂಬ ಭಯ. ಕೆಲವರು ಲಾಂಡ್ರಿಗೆ ಬಟ್ಟೆ ಕೊಡುವುದನ್ನೇ ಬಿಟ್ಟರು. ನಾನು ಸತ್ಯ ಹೇಳಿದವರಿಗೆ ಇಷ್ಟೇ ಎಂದು ಎದೆ ಎತ್ತಿಕೊಂಡು ಓಡಾಡಿದೆ.

ಮನೆಯ ಬಟ್ಟೆ ಮಾತ್ರ ನಾನು ಮೂಸುವುದಿಲ್ಲ. ಎಂದೂ ಮೂಸಿಲ್ಲ. ನಮ್ಮ ಮನೆಯ ಬಟ್ಟೆಯಲ್ಲಿ ಮೂಸುವಂಥದ್ದು ಏನಿದೆ ಎಂದುಕೊಂಡಿದ್ದೆ.

ಫೆಬ್ರವರಿಯ ಒಂದು ಭಾನುವಾರ ಚೂಟಿಯ ಶಾಲೆ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದೆ. ಬೀರುವಿನ ತಳದಲ್ಲಿ ಮುದುರಿ ಬಿದ್ದಿದ್ದ ಒಂದು ಅಂಗಿಯೂ ಸಿಕ್ಕಿತು. ನೋಡಲು ಬೆಳ್ಳಗಿತ್ತು. ಸಕ್ಕರೆ ಬೆರೆತ ಕಲೆಯ ಗುಣ ನಿನಗೆ ನೆನಪಿರಬೇಕು. ಬರೀ ನೀರಲ್ಲಿ ಒಗೆದರೆ ಕಣ್ಣಿಗೆ ಕಾಣುವುದಿಲ್ಲ, ಬಿಸಿ ತಗುಲಿದಾಗ ಕಂದು ಬಣ್ಣಕ್ಕೆ ತಿರುಗಿ ಮೇಲೇಳುತ್ತದೆ. ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಅದು ಮೆಲ್ಲಗೆ ಮೇಲೆದ್ದಿತು, ಎಡತೋಳಿನ ತುದಿಯಲ್ಲಿ, ಅಂಗೈಯಗಲ. ಚೂಟಿ ಎಡಗೈಯವಳು. ಕಡ್ಡಿ ಬಲಗೈಯವಳು, ನಮ್ಮ ಮನೆಯ ಮೇಜಿನ ಮೇಲೆ ಕೂತು ಬರೆಯುವುದನ್ನು ಎಷ್ಟು ಸಲ ನೋಡಿದ್ದೇನೆ. ಕಡ್ಡಿಯ ಜಾಕೆಟ್ಟಿನಲ್ಲೂ ನಾರುತ್ತಿದ್ದದ್ದು ಎಡತೋಳೇ.

ನಾನು ಏನು ಮಾಡಿದೆ ಗೊತ್ತೇ? ಬಾಗಿಲು ಹಾಕಿಕೊಂಡೆ. ವಿನೆಗರ್ ಹಾಕಿ ಉಜ್ಜಿದೆ, ಬೆಚ್ಚನೆ ನೀರಲ್ಲಿ ಜಾಲಿಸಿದೆ, ಒಣಗಿಸಿದೆ, ಗೆರೆ ಬರುವಂತೆ ಇಸ್ತ್ರಿ ಮಾಡಿ ಅವಳ ಬೀರುವಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಕೊಳೆ ಮುಚ್ಚಿಡಬಾರದು ಎಂದು ಭಾಷಣ ಮಾಡಿದ ಹೆಂಗಸು ನಾನೇ.

ಮಾರನೇ ದಿನ ಚೂಟಿ ಅದನ್ನೇ ತೊಟ್ಟು ಬಂದಳು. ತೋಳಿನ ತುದಿ ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ಬಾಚಿಕೋ ಎಂದೆ. ಅವಳು ಬಾಚಿಕೊಂಡಳು. ಅಷ್ಟೇ. ಇಬ್ಬರಿಗೂ ಗೊತ್ತು, ಇಬ್ಬರೂ ಸುಮ್ಮನೆ. ಅಂದಿನಿಂದ ಅವಳು ಊಟದ ಮೇಜಿನಲ್ಲಿ ನನಗೆ ಎದುರಾಗಿ ಕೂರುವುದನ್ನು ಬಿಟ್ಟು ಪಕ್ಕಕ್ಕೆ ಕೂರತೊಡಗಿದಳು, ಮುಖ ಕಾಣದ ಹಾಗೆ.

ಮಗುವಿನ ಮಾನ ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಮುಖ ನೆನೆಸಿಕೊಂಡೆ. ನಂಬಿ ಬಿಟ್ಟುಹೋದ ಮಗು ಎಂದುಕೊಂಡೆ. ಲಾಂಡ್ರಿಯ ಬೋರ್ಡಿನ ಮೇಲೆ ನಿಮ್ಮಪ್ಪ ಬರೆಸಿದ ಅಕ್ಷರಗಳನ್ನು ನೋಡಿದೆ. ಕಾಪಾಡಿಕೊಂಡದ್ದು ನನ್ನ ಮಾನವನ್ನು ಮಾತ್ರ. ಡ್ರೈವರಿನ ಬಸ್ಸು ಬಾಗಿಲ ಮುಂದೆ ಹೋಗುವಾಗೆಲ್ಲ ನಾನು ಒಳಗೆ ಹೋಗಿ ಸೋಪಿನ ಡಬ್ಬಿ ಹುಡುಕುತ್ತಿದ್ದೆ.

ಮೊನ್ನೆ ಶುಕ್ರವಾರ ಶಾಲೆ ಬಿಟ್ಟ ಮೇಲೆ ಚೂಟಿ ನೇರವಾಗಿ ಲಾಂಡ್ರಿಗೆ ಬಂದಳು. ಕಡ್ಡಿಯ ಜಾಕೆಟ್ಟು ಒಗೆದು ಹ್ಯಾಂಗರಿಗೆ ಹಾಕಿದ್ದು ಹಾಗೇ ತೂಗುತ್ತಿತ್ತು, ಯಾರೂ ಒಯ್ಯಲು ಬಂದಿರಲಿಲ್ಲ. ಅದರ ಕೆಳಗೆ ನಿಂತು ಕೇಳಿದಳು:

"ಅಜ್ಜಿ, ನನ್ನ ಅಂಗಿ ಕಲೆ ಹೇಗೆ ತೆಗ್ದೆ?"

"ವಿನೆಗರಲ್ಲಿ."

"ಕಡ್ಡಿದು ಹೇಗೆ ತೆಗೀತೀಯ?"

ಇಸ್ತ್ರಿಯವನು ಕನ್ನಡಕ ತೆಗೆದು ಒರೆಸತೊಡಗಿದ. ಪುಣ್ಯಾತ್ಮ, ಒರೆಸುತ್ತಲೇ ಹೊರಗೆ ಹೋದ.

ಅವಳು ಎಲ್ಲ ಹೇಳಿದಳು. ಹಳೆಯ ಪಂಪ್‌ಹೌಸಿನ ಹಿಂದೆ ದೊಡ್ಡ ಹುಡುಗರು ತರುತ್ತಾರೆ. ಆ ಸಂಜೆ ಚಳಿ ಇತ್ತು ಎಂದು ಕಡ್ಡಿ ತನ್ನ ಜಾಕೆಟ್ಟನ್ನು ಇವಳಿಗೆ ಕೊಟ್ಟು ಅಭ್ಯಾಸಕ್ಕೆ ಹೋಗಿದ್ದಳು. ಇವಳು ಅದನ್ನು ತೊಟ್ಟು ಪಂಪ್‌ಹೌಸಿಗೆ ಹೋದಳು. ಕುಡಿದಳು, ಚೆಲ್ಲಿಕೊಂಡಳು, ನಿಲ್ಲಲಾಗಲಿಲ್ಲ. ಹುಡುಕಿಕೊಂಡು ಬಂದು, ನೀರು ಕುಡಿಸಿ, ಮೈದಾನದ ಸುತ್ತ ನಡೆಸಿ, ಮುಖ ತೊಳೆಸಿ ನಮ್ಮ ಬಾಗಿಲ ತನಕ ತಂದು ಬಿಟ್ಟವಳು ಕಡ್ಡಿ. ಅಂದು ನಾನು ಬಾಗಿಲು ತೆಗೆದು ಇಬ್ಬರಿಗೂ ಹಾಲು ಕೊಟ್ಟಿದ್ದೆ.

ಕಡ್ಡಿ ಯಾಕೆ ನಿನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. "ನಾನೇ ಹೇಳ್ತೀನಿ ಅಂತ ಕಾಯ್ತಿದ್ದಾಳೆ" ಎಂದಳು. ನೀನು ಯಾಕೆ ಹೇಳಲಿಲ್ಲ? "ನೀನು ಹೇಳ್ತೀಯ ಅಂತ ನಾನು ಕಾಯ್ತಿದ್ದೆ."

ಕುಡಿದದ್ದು ಯಾಕೆ ಎಂದು ಕೇಳಿದೆ. ಸುಮ್ಮನೆ ಎಂದಳು. ಆ ಒಂದು ಮಾತು ಮಾತ್ರ ನಿಜವಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಮುಂದೆ ಕೇಳಲು ಧೈರ್ಯ ಬರಲಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ನಾಳೆ ಡ್ರೈವರನ್ನು ನೋಡಬೇಕು, ಬುಧವಾರ ಸಭೆ. ಎರಡೂ ಮುಗಿಯದೆ ಈ ಕಾಗದವನ್ನು ಅಂಚೆಗೆ ಹಾಕಿದರೆ ಅರ್ಧ ಒಗೆದ ಬಟ್ಟೆ ಕೊಟ್ಟ ಹಾಗೆ.

ಗುರುವಾರ

ಸೋಮವಾರ, ಡ್ರೈವರ್ ಮನೆಗೆ ಹೋದರೆ ಕಡ್ಡಿಯ ಎದುರು ನಿಲ್ಲಬೇಕಲ್ಲ ಎಂದು ಹೆದರಿ ಬಸ್ಸನ್ನೇ ಹತ್ತಿದೆ. ಮಧ್ಯಾಹ್ನ, ಜನ ಕಡಿಮೆ. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ. ಕನ್ನಡಿಯಲ್ಲಿ ನೋಡಿದ, ಗೇರು ಹಾಕಿದ. ನಮ್ಮ ಸ್ಟಾಪು ಹೋಯಿತು, ಮಾರ್ಕೆಟ್ಟು ಹೋಯಿತು. "ಇಳಿಯೋ ಜಾಗ ದಾಟಿತಲ್ಲಮ್ಮಾ" ಎಂದ. ಹೌದು, ದಾಟಿ ಬಹಳ ದಿನವಾಯಿತು ಎಂದೆ. ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿದ ಮೇಲೆ ಎಲ್ಲ ಹೇಳಿದೆ, ವಿನೆಗರ್ ವಿಷಯವನ್ನೂ ಬಿಡದೆ.

ಅವನು ಸ್ಟಿಯರಿಂಗನ್ನು ಬಟ್ಟೆಯಿಂದ ಒರೆಸುತ್ತಲೇ ಕೇಳಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ತಿರುಗದೆಯೇ ಹೇಳಿದ:

"ನಾನಲ್ಲಪ್ಪಾ ಅಂದ್ಲು, ಅಮ್ಮಾ. ಒಂದೇ ಸಲ ಅಂದ್ಲು. ಆ ಅಮ್ಮನ ಮೂಗು ಸುಳ್ಳು ಹೇಳಲ್ಲ ಅಂದೆ ನಾನು. ಹೊಡ್ದೆ. ಹುಟ್ಟಿದಾಗಿಂದ ಅವಳ ಮೇಲೆ ಕೈ ಎತ್ತಿರ್ಲಿಲ್ಲ."

ನಾನು ಅಳುವವಳಲ್ಲ, ಅಲ್ಲಿಯೂ ಅಳಲಿಲ್ಲ. ಅತ್ತಿದ್ದರೆ ಅವನಿಗೆ ನನ್ನನ್ನು ಸಮಾಧಾನ ಮಾಡುವ ಕೆಲಸ ಬೇರೆ ಬೀಳುತ್ತಿತ್ತು.

ಆಮೇಲೆ ಅವನೇ ಕೇಳಿದ. "ನಿಮ್ಮ ಮಗು ಈಗ ಹೇಗಿದೆ? ಡಾಕ್ಟ್ರಿಗೆ ತೋರಿಸಿದ್ರಾ?"

ಇಲ್ಲ ಎಂದೆ. ಕಲೆ ತೆಗೆದಿದ್ದೆ, ಮಗುವನ್ನು ಡಾಕ್ಟರಿಗೆ ತೋರಿಸಿರಲಿಲ್ಲ.

"ಅದನ್ನ ಮೊದ್ಲು ಮಾಡಿ. ಸಭೆ ಎಲ್ಲೂ ಓಡೋಗಲ್ಲ" ಎಂದ. ವಾಪಸ್ಸು ಬರುವಾಗ ನಮ್ಮ ಬಾಗಿಲ ಮುಂದೆಯೇ ನಿಲ್ಲಿಸಿ ಇಳಿಸಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಗಳವಾರ ಚೂಟಿಯನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಒಳಗಿಂದ ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಚೂಟಿ ಮಾತಾಡುವುದು ಕೇಳಿಸಿತು, ನಿಲ್ಲಿಸದೆ, ನನ್ನ ಹತ್ತಿರ ವರ್ಷಗಟ್ಟಲೆ ಆಡದಷ್ಟು. ಒಟ್ಟು ಎರಡು ಸಲ ಕುಡಿದಿದ್ದಾಳೆ. ಇನ್ನು ವಾರಕ್ಕೊಮ್ಮೆ ಹೋಗಿ ಮಾತಾಡಿ ಬರಬೇಕು. ನಾನು ಬೇಡವಂತೆ, ಬಾಗಿಲ ತನಕ ಬಂದರೆ ಸಾಕಂತೆ.

ನಿನ್ನೆ ಸಭೆಗೆ ಬೆರಳೆಣಿಕೆಯ ಜನ ಬಂದಿದ್ದರು. ಕಡ್ಡಿ ಕುಡಿದಿರಲಿಲ್ಲ, ಕುಡಿದವಳು ನನ್ನ ಮೊಮ್ಮಗಳು, ಅದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡವಳು ನಾನು ಎಂದು ನಿಂತು ಹೇಳಿದೆ. ಚೂಟಿಯ ಹೆಸರು ಎತ್ತಬಾರದಿತ್ತು ಎಂದು ನೀನು ಬಯ್ಯಬಹುದು. ಅವಳೇ ಕೇಳಿದಳು. "ಕಡ್ಡಿ ಹೆಸರು ಹೇಳ್ದ ಜಾಗದಲ್ಲೇ ನನ್ನ ಹೆಸರು ಹೇಳು" ಎಂದು ಹಟ ಮಾಡಿ, ನಾನು ಹೇಳುವಾಗ ಪಕ್ಕದಲ್ಲಿ ನಿಂತಿದ್ದಳು. ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಅಷ್ಟು ಎತ್ತರವಾಗಿದ್ದಾಳೆ.

ಮದ್ಯದಂಗಡಿಯವನು "ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ..." ಎಂದು ಶುರು ಮಾಡಿದ. ಹೆಡ್‌ಮಿಸ್ಸು ಕಣ್ಣು ಬಿಟ್ಟದ್ದಕ್ಕೆ ನುಂಗಿಕೊಂಡ. "ಪಕ್ಕದವರ ತಟ್ಟೆಯ ನೊಣ ಓಡಿಸಿದಳಂತೆ" ಎಂದು ಉಳಿದದ್ದನ್ನು ನಾನೇ ಪೂರ್ತಿ ಮಾಡಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೇನೋ. ಅಧ್ಯಕ್ಷೆ ಕುರ್ಚಿಯಿಂದ ಎದ್ದು ಬೆಂಚಿನ ಮೇಲೆ ಕೂತೆ. ಆ ಹೊತ್ತಿಗೆ ಡ್ರೈವರ್ ಬಂದು ಬಾಗಿಲಲ್ಲಿ ನಿಂತಿದ್ದ, ಅದೇ ಮುದುರಿದ ಅಂಗಿ. ಒಳಗೆ ಬಂದು ಬಟ್ಟೆ ಒಣಗಿಸುವ ಮೆಷಿನ್ನಿನ ಪಕ್ಕ ಕೂತ. ಪಂಪ್‌ಹೌಸಿನ ಹಿಂದೆ ದೀಪ ಬೇಕು, ಅಲ್ಲಿಗೆ ಯಾವ ಅಂಗಡಿಯಿಂದ ಬಾಟಲಿ ಬರುತ್ತದೆ ನೋಡಬೇಕು ಎಂದು ಮಾತು ಶುರು ಮಾಡಿದ. ಮದ್ಯದಂಗಡಿಯವನು ಆ ದೊಡ್ಡ ಹುಡುಗರ ಮುಖ ತನಗೆ ಗೊತ್ತು, ಇನ್ನು ಅವರಿಗೂ ಕೊಡುವುದಿಲ್ಲ ಎಂದ. ಕೆಲಸ ಮತ್ತೆ ಹಳಿಗೆ ಬಂತು, ನನ್ನಿಂದಲ್ಲ.

ಕಡ್ಡಿಯನ್ನು ತಂಡಕ್ಕೆ ಸೇರಿಸಿಕೊಂಡರು. ತಪ್ಪಿದ ಓಟ ತಪ್ಪಿದ್ದೇ. ಇವತ್ತು ಬೆಳಿಗ್ಗೆ ಅವಳು ಬಂದಳು. "ನನ್ನ ಜಾಕೆಟ್ಟು ಕೊಡ್ತೀರಾ ಅಜ್ಜಿ?" ಎಂದಳು. ಹ್ಯಾಂಗರಿನಿಂದ ತೆಗೆದೆ. ಕೊಡುವ ಮೊದಲು ಕೈ ತಾನಾಗಿ ಕಾಲರನ್ನು ಮೂಗಿನ ಹತ್ತಿರ ತಂದಿತು. ಅವಳು ನೋಡುತ್ತಿದ್ದಳು. ಕೆಳಗಿಳಿಸಿದೆ. ನನ್ನದು ತಪ್ಪಾಯಿತು ಮಗು ಎಂದಷ್ಟೇ ಅಂದೆ. ಅವಳು ಜಾಕೆಟ್ಟು ತೊಟ್ಟು ಜಿಪ್ಪು ಎಳೆದುಕೊಂಡು, "ಚೂಟಿ ಎದ್ದಿದ್ದಾಳಾ?" ಎಂದು ಕೇಳಿದಳು.

ಇಷ್ಟು ವಿಷಯ. ನಿನ್ನ ಮಗುವನ್ನು ನಿನ್ನ ಹತ್ತಿರ ಕರೆದುಕೊಳ್ಳುವ ಮನಸ್ಸಾದರೆ ನಾನು ಅಡ್ಡ ಬರುವುದಿಲ್ಲ. ಗಾಳಿಯಲ್ಲಿ ಸೇತುವೆಯ ಮೇಲೆ ನಿಲ್ಲುವಾಗ ಕಿವಿ ಮುಚ್ಚಿಕೋ. ಅಳಿಯನಿಗೆ ಬೆಸುಗೆ ಹಾಕುವಾಗ ಕಣ್ಣಿನ ಕಡೆ ನಿಗಾ ಇರಲಿ ಎಂದು ಹೇಳು. ನೀವಿಬ್ಬರೂ ಕಟ್ಟುವುದೆಲ್ಲ ಗಟ್ಟಿಯಾಗಿ ನಿಲ್ಲಲಿ, ನಿಮ್ಮ ಆಯುಸ್ಸೂ ಹಾಗೇ ಇರಲಿ.

ಇಂತಿ ನಿನ್ನ,
ಅಮ್ಮ

ತಾಜಾಕಲಂ: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಜನವರಿಯಲ್ಲಿ ನೀನು ರಜೆ ಸಿಕ್ಕಿದೆ, ಬರುತ್ತೇನೆ ಎಂದೆ. ಚೂಟಿಗೆ ಪರೀಕ್ಷೆ ಇದೆ, ಈಗ ಬರಬೇಡ, ಅವಳು ನಿನ್ನನ್ನು ಕೇಳುವುದೂ ಇಲ್ಲ ಎಂದೆ ನಾನು. ಪರೀಕ್ಷೆ ಇರಲಿಲ್ಲ. ನೀನು ಬಂದರೆ ಹೋಗುವ ದಿನ ಅವಳು ನಿನ್ನ ಜೊತೆ ಹೊರಟುಬಿಡುತ್ತಾಳೆ ಎಂದು ನನಗೆ ಹೆದರಿಕೆ. ಇತ್ತ ಅವಳು ಬಾಗಿಲಲ್ಲಿ ನಿಂತು ಅಮ್ಮ ಯಾವಾಗ ಬರ್ತಾಳೆ ಎಂದು ಕೇಳಿದಾಗ, ನಿನಗೆ ರಜೆ ಸಿಗಲಿಲ್ಲವಂತೆ ಎಂದೆ. ಅವಳು ಸರಿ ಅಜ್ಜಿ ಎಂದು ಬ್ಯಾಗು ಹಾಕಿಕೊಂಡು ಶಾಲೆಗೆ ಹೋದಳು. ಪಂಪ್‌ಹೌಸಿಗೆ ಹೋಗಿ, ಕಡ್ಡಿಯ ಜಾಕೆಟ್ಟಿನ ಮೇಲೆ ಚೆಲ್ಲಿಕೊಂಡದ್ದು ಅದೇ ಸಂಜೆ. ಇದನ್ನು ಡಾಕ್ಟರಮ್ಮನಿಗೆ ಅವಳು ಹೇಳಿದ್ದಾಳೋ ಏನೋ, ನನಗಂತೂ ಹೇಳಿಲ್ಲ. ನಾನು ಸುಳ್ಳು ಹೇಳಿದ್ದೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ. ನಿಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಾನೇ ಹೇಳಬೇಕು. ರಜೆ ಸಿಗದಿದ್ದರೂ ಬಾ.